ಒಂದೇ ಸಲ ಕೇಳಿಸುತ್ತಾರೆ

ಕ್ಯಾಂಪಿಂಗ್ ಸಾಮಾನು ಮಾರುವ ಅಂಗಡಿ. ಬಂದ ಹೆಂಗಸು ಲಾಟೀನಿನ ಬೆಲೆ ಕೇಳುತ್ತಾಳೆ. ದೊಡ್ಡದಕ್ಕೆ 30 ಡಾಲರ್, ಚಿಕ್ಕದಕ್ಕೆ 20 ಎನ್ನುತ್ತಾನೆ ಅಂಗಡಿಯವನು. ಚಿಕ್ಕದೇ ಇರಲಿ, ಎರಡು ಕೊಡಿ. ಮಡಚುವ ಕುರ್ಚಿ ಎಷ್ಟು? ಅದು 40, ಆದರೆ ಈ ವಾರ ಅರ್ಧ ಬೆಲೆ. ಹಾಗಾದರೆ ಒಂದು ಹಾಕಿ. ನನ್ನ ಫೋನಿನಲ್ಲಿ ಹತ್ತು ಪರ್ಸೆಂಟ್ ಕೂಪನ್ ಇದೆ, ನಡೆಯುತ್ತಾ? ಧಾರಾಳವಾಗಿ ನಡೆಯುತ್ತದೆ, ಒಟ್ಟು ಮೊತ್ತದ ಮೇಲೆ ಕಳೆಯುತ್ತೇನೆ. ಸರಿ, ಇಗೋ ಕಾರ್ಡು.

ಆಕೆ ಕೊಟ್ಟ ಹಣ ಎಷ್ಟು? 48, 54, 60, 72, 80: ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಕೂಪನ್ ಮರೆತವರಿಗೆಂದು 60 ಕಾದಿದೆ. ಕುರ್ಚಿಗೆ ಅರ್ಧ ಬೆಲೆ ಎಂದದ್ದು ಕಿವಿಗೆ ಬೀಳದವರಿಗೆ 72 ಇದೆ. ಎರಡನ್ನೂ ಬಿಟ್ಟವರಿಗೆ 80. ಸರಿಯುತ್ತರ 54.

ಪ್ರಶ್ನೆಯನ್ನು ಕಟ್ಟಿದ್ದು ನಾನು, ಅಚ್ಚು ಮಾತ್ರ ನನ್ನದಲ್ಲ. ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ವರ್ಷ ವರ್ಷವೂ ಇಂಥದ್ದೊಂದು ವ್ಯಾಪಾರ ನಡೆಯುತ್ತದೆ, ಸಾಮಾನ್ಯವಾಗಿ ಆರನೇ ಪ್ರಶ್ನೆಯಲ್ಲಿ. ಒಮ್ಮೆ ಟೀ ಶರ್ಟು, ಇನ್ನೊಮ್ಮೆ ಮ್ಯೂಸಿಯಂ ಟಿಕೆಟ್ಟು, ಮತ್ತೊಮ್ಮೆ ಕೇಕು. ರಿಯಾಯಿತಿ ಇರಲೇಬೇಕು. ಗೋಡೆಯ ಸ್ಪೀಕರಿನಿಂದ ಬರುವ ಈ ಮಾತುಕತೆಯನ್ನು ಹದಿನೆಂಟರ ಆಸುಪಾಸಿನ ಮಕ್ಕಳು ಒಂದೇ ಒಂದು ಸಲ ಕೇಳಿ ಲೆಕ್ಕ ಹಾಕಿ ಮುಗಿಸಬೇಕು. ಅಷ್ಟರಲ್ಲಿ ಏಳನೇ ಪ್ರಶ್ನೆ ಶುರುವಾಗಿರುತ್ತದೆ.

ಈ ಪರೀಕ್ಷೆಯನ್ನು ಅಲ್ಲಿನವರು ಸುನುಂಗ್ ಎನ್ನುತ್ತಾರೆ. ನವೆಂಬರ್ ನಡುವಿನ ಒಂದು ಗುರುವಾರ, ಇಡೀ ದೇಶದಲ್ಲಿ ಒಂದೇ ದಿನ. ಬೆಳಿಗ್ಗೆ 8:40ಕ್ಕೆ ಕೊರಿಯನ್ ಭಾಷೆ, 10:30ಕ್ಕೆ ಗಣಿತ, ಮನೆಯಿಂದ ತಂದ ಬುತ್ತಿಯ ಊಟ, ಮಧ್ಯಾಹ್ನ 1:10ಕ್ಕೆ ಇಂಗ್ಲಿಷ್, ಆಮೇಲೆ ಇತಿಹಾಸ ಮತ್ತು ಉಳಿದ ವಿಷಯಗಳು. ಇಂಗ್ಲಿಷ್ ಪತ್ರಿಕೆಗೆ 70 ನಿಮಿಷ, 45 ಪ್ರಶ್ನೆ. ಅದರಲ್ಲಿ ಮೊದಲ 17 ಕೇಳಿಸಿಕೊಂಡು ಉತ್ತರಿಸುವವು, ಅವಕ್ಕೆ 37 ಅಂಕ. ಉಳಿದ 28 ಓದಿ ಉತ್ತರಿಸುವವು, 63 ಅಂಕ. ಕೇಳುವ ಭಾಗ ಹೆಚ್ಚುಕಡಿಮೆ 25 ನಿಮಿಷ ಹಿಡಿಯುತ್ತದೆ.

ಆ ಇಪ್ಪತ್ತೈದು ನಿಮಿಷಕ್ಕಾಗಿ ಸರ್ಕಾರ ವಿಮಾನಗಳನ್ನು ತಡೆಯುತ್ತದೆ. ಇದು ಹೊರಗಿನ ಪತ್ರಿಕೆಗಳಿಗೆ ಪ್ರತಿ ವರ್ಷದ ಸುದ್ದಿ. 2025ರ ನವೆಂಬರ್ 13ರಂದು ಪರೀಕ್ಷೆಗೆ ಹೆಸರು ಕೊಟ್ಟವರು 5,54,174 ಮಂದಿ. ಅವರ ಕಿವಿಗಾಗಿ ಮಧ್ಯಾಹ್ನ 1:05ರಿಂದ 1:40ರವರೆಗೆ ದೇಶದ ಯಾವ ನಿಲ್ದಾಣದಲ್ಲೂ ವಿಮಾನ ಏರಲಿಲ್ಲ, ಇಳಿಯಲಿಲ್ಲ. 140 ವಿಮಾನಗಳ ವೇಳೆ ಬದಲಾಯಿತು. ಆಗಲೇ ಗಾಳಿಯಲ್ಲಿದ್ದವು ಮೂರು ಕಿಲೋಮೀಟರಿಗಿಂತ ಮೇಲೆಯೇ ಸುತ್ತುತ್ತಿರಬೇಕು. ಸೇನೆಯ ಗುಂಡಿನ ಅಭ್ಯಾಸವೂ ನಿಲ್ಲುತ್ತದೆ. ಬೆಳಿಗ್ಗೆ ಮಕ್ಕಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದಿರಲೆಂದು ಕಚೇರಿಗಳು ತಡವಾಗಿ ತೆರೆಯುತ್ತವೆ, ಷೇರುಪೇಟೆಯೂ ಒಂದು ಗಂಟೆ ಹಿಂದೆ ಸರಿಯುತ್ತದೆ. ತಡವಾದ ಹುಡುಗನನ್ನು ಪೊಲೀಸರು ಬೈಕಿನಲ್ಲಿ ಕೂರಿಸಿಕೊಂಡು ಬರುವ ಫೋಟೊ ಮಾರನೆಯ ದಿನದ ಪತ್ರಿಕೆಯಲ್ಲಿ ಬರದಿದ್ದರೆ ಅದು ಸುನುಂಗ್ ಅಲ್ಲ.

ಇಷ್ಟೆಲ್ಲ ನಿಶ್ಶಬ್ದ ಕಟ್ಟಿಕೊಟ್ಟ ಮೇಲೆ ಒಳಗೆ ಕೂತ ಮಕ್ಕಳು ಏನು ಮಾಡುತ್ತಾರೆ ಎನ್ನುವುದು ನನಗೆ ವಿಮಾನದ ಸುದ್ದಿಗಿಂತ ಕುತೂಹಲದ ವಿಷಯ. ಅವರಲ್ಲಿ ಚೆನ್ನಾಗಿ ಓದುವವರು ಅರ್ಧ ಕಿವಿ ಮಾತ್ರ ಕೊಡುತ್ತಾರೆ. ಅದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ.

ಲೆಕ್ಕ ನೋಡಿ. ಕೇಳುವ ಭಾಗ ಮುಗಿದ ಮೇಲೆ ಉಳಿಯುವುದು 45 ನಿಮಿಷ, ಓದುವ ಪ್ರಶ್ನೆ 28. ಒಂದಕ್ಕೆ ಸರಾಸರಿ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಓದುವ ಭಾಗದ ಗದ್ಯವೋ, ತತ್ವಶಾಸ್ತ್ರ, ನರವಿಜ್ಞಾನ, ಕಲಾವಿಮರ್ಶೆಗಳ ಪುಸ್ತಕಗಳಿಂದ ಕತ್ತರಿಸಿ ತಂದದ್ದು. ನಡುವೆ ಒಂದು ವಾಕ್ಯ ಖಾಲಿ ಬಿಟ್ಟು, ಅಲ್ಲಿ ಏನಿರಬೇಕೆಂದು ಕೇಳುತ್ತಾರೆ. ಇಂಗ್ಲಿಷ್ ಮಾತೃಭಾಷೆಯವರೇ ಆ ಪ್ರಶ್ನೆಗಳನ್ನು ಬಿಡಿಸಲು ಹೋಗಿ ತಲೆ ಕೆರೆದುಕೊಳ್ಳುವ ವಿಡಿಯೊಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಅದಕ್ಕೆ ಹೋಲಿಸಿದರೆ ಲಾಟೀನು, ಕುರ್ಚಿ, ಕೂಪನ್ನಿನ ವ್ಯಾಪಾರ ಬಲು ಸಲೀಸು. ಸಲೀಸಿನಲ್ಲಿ ಸಮಯ ಕದ್ದು ಕಷ್ಟಕ್ಕೆ ಕೊಡುವುದು ಯಾವ ಪರೀಕ್ಷಾರ್ಥಿಗಾದರೂ ಹೊಳೆಯುವ ಉಪಾಯ.

ಕದಿಯುವುದು ಹೀಗೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಸ್ಪೀಕರಿನಲ್ಲಿ ಸಣ್ಣ ಸಂಗೀತ, ಸೂಚನೆಗಳು ಶುರುವಾಗುತ್ತವೆ. 1ರಿಂದ 15ರವರೆಗಿನ ಪ್ರಶ್ನೆಗಳನ್ನು ಒಂದೇ ಸಲ, 16 ಮತ್ತು 17ನ್ನು ಎರಡು ಸಲ ಕೇಳಿಸುತ್ತೇವೆ ಎಂದು ಕೊರಿಯನ್ನಿನಲ್ಲಿ ಹೇಳುತ್ತಾರೆ. ಈ ಸೂಚನೆಯನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಅದು ಬಾಯಿಪಾಠ. ಅಷ್ಟು ಹೊತ್ತಿನಲ್ಲಿ ಕಣ್ಣು 18ನೇ ಪ್ರಶ್ನೆಯ ಮೇಲಿರುತ್ತದೆ: ಒಂದು ಪತ್ರ, ಬರೆದವರ ಉದ್ದೇಶವೇನು ಎಂಬ ಪ್ರಶ್ನೆ. ಎರಡು ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ 25ನೆಯದು, ಅಲ್ಲೊಂದು ಗ್ರಾಫು, ಅದಕ್ಕೆ ಹೊಂದದ ವಾಕ್ಯ ಹುಡುಕಬೇಕು. ಆಮೇಲೆ 27, 28. ಶಿಬಿರವೋ ಸ್ಪರ್ಧೆಯೋ, ಯಾವುದೋ ಒಂದರ ಕರಪತ್ರ. ಚುರುಕಾಗಿರುವವರು ಕೊನೆಯ 43ರಿಂದ 45ರ ಉದ್ದನೆಯ ಕಥೆಗೂ ಕೈ ಹಾಕುತ್ತಾರೆ. ಹತ್ತನೇ ಪ್ರಶ್ನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಐದು ಬಗೆಯ ಬೆನ್ನುಚೀಲ, ಬೆಲೆ, ಬಣ್ಣ, ಜೇಬು ಎಷ್ಟು ಎಂಬ ವಿವರ. ಸಂಭಾಷಣೆಯಲ್ಲಿ ಒಂದೊಂದೇ ಷರತ್ತು ಬರುತ್ತಿದ್ದಂತೆ ಪಟ್ಟಿಯಲ್ಲಿ ಒಂದೊಂದೇ ಸಾಲನ್ನು ಹೊಡೆದುಹಾಕಿ, ಉತ್ತರ ಒಂದೇ ಉಳಿದ ಕ್ಷಣ ಕಿವಿಯನ್ನು ವಾಪಸು ಕರೆಸಿಕೊಳ್ಳುತ್ತಾರೆ. ಆ ಗಂಡಸು, ಹೆಂಗಸು ಇನ್ನೂ ಮಾತಾಡುತ್ತಲೇ ಇರುತ್ತಾರೆ. ಕೇಳುವವರು ಎದ್ದು ಹೋಗಿ ಆಗಿದೆ.

16, 17ರ ಉದ್ದನೆಯ ಉಪನ್ಯಾಸ ಎರಡನೇ ಸಲ ಶುರುವಾದಾಗ ಇಡೀ ಕೊಠಡಿಯಲ್ಲಿ ಹಾಳೆ ತಿರುಗುವ ಸದ್ದು ಏಳುತ್ತದೆಯಂತೆ. ಮೊದಲ ಸಲವೇ ಎರಡಕ್ಕೂ ಉತ್ತರ ಬರೆದವರು ಓದುವ ಭಾಗಕ್ಕೆ ಹೊರಟ ಸದ್ದು ಅದು. ಬರೆಯದೇ ಉಳಿದವನ ಎದೆ ಆಗ ಡವಗುಟ್ಟುತ್ತದೆ. ವಿಮಾನದ ಸದ್ದನ್ನು ತಡೆಯಬಹುದು, ಈ ಸದ್ದನ್ನು ತಡೆಯಲು ಯಾವ ಇಲಾಖೆಗೂ ಆಗಿಲ್ಲ.

ಹೀಗೆ ಸಮಯ ಕದಿಯುವುದನ್ನು ಕಲಿಸಬಾರದು ಎನ್ನುವ ಮೇಷ್ಟ್ರುಗಳಿದ್ದಾರೆ, ಕಲಿಸುವವರೂ ಇದ್ದಾರೆ. ಸೋಲ್ ನಗರದ ದೇಚಿ-ದೊಂಗ್ ಎಂಬ ಬಡಾವಣೆಯಲ್ಲಿ ಟ್ಯೂಷನ್ ಕೇಂದ್ರಗಳದೇ ಸಾಲು. ಹಾಗ್ವಾನ್ ಎಂದು ಅವುಗಳ ಹೆಸರು. 2024ರಲ್ಲಿ ಕೊರಿಯಾದ ಮನೆಗಳು ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಸುರಿದ ಹಣ 29 ಲಕ್ಷ ಕೋಟಿ ವನ್ ದಾಟಿತ್ತು ಎಂದು ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿದೆ. ವಿಷಯವಾರು ನೋಡಿದರೆ ಇಂಗ್ಲಿಷ್ ಮುಂಚೂಣಿಯಲ್ಲಿದೆ. ಆದರೆ ಕೇಳುವ ಅಭ್ಯಾಸಕ್ಕೆ ಮಾತ್ರ ಹಾಗ್ವಾನ್ ಅನಿವಾರ್ಯವಲ್ಲ. ಅದರ ಕೀರ್ತಿ ಸಲ್ಲಬೇಕಾದ್ದು ಇಬಿಎಸ್ ಎಂಬ ಸಾರ್ವಜನಿಕ ಶಿಕ್ಷಣ ಪ್ರಸಾರ ಸಂಸ್ಥೆಗೆ.

ಇಬಿಎಸ್ ಪ್ರತಿ ವರ್ಷ ಪರೀಕ್ಷೆಗೆಂದೇ ಪುಸ್ತಕಗಳನ್ನು ತರುತ್ತದೆ. ಇಂಗ್ಲಿಷ್ ಕೇಳುವಿಕೆಗೆ ಬೇರೆಯದೇ ಪುಸ್ತಕ. ಧ್ವನಿಕಡತಗಳು, ಮೇಷ್ಟ್ರುಗಳ ಪಾಠದ ವಿಡಿಯೊಗಳು ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಪುಸ್ತಕದಲ್ಲಿರುವ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಆಯಿತು. ಸೋಲ್‌ನ ಶ್ರೀಮಂತ ಬಡಾವಣೆಯ ಹುಡುಗನೂ ದಕ್ಷಿಣದ ದ್ವೀಪವೊಂದರ ಮೀನುಗಾರರ ಮಗಳೂ ಕೇಳುವುದು ಅದೇ ಧ್ವನಿ. ಸರ್ಕಾರ 2010ರಿಂದ ಕೆಲವು ವರ್ಷ ಪರೀಕ್ಷೆಯ 70 ಪರ್ಸೆಂಟ್ ಪ್ರಶ್ನೆಗಳು ಈ ಪುಸ್ತಕಗಳ ನಂಟಿನವೇ ಆಗಿರುತ್ತವೆ ಎಂದು ಮಾತು ಕೊಟ್ಟಿತ್ತು, ಈಗ ಅದು 50ಕ್ಕೆ ಇಳಿದಿದೆ. ಟ್ಯೂಷನ್ ಹಾವಳಿ ತಗ್ಗಿಸುವ ಉಪಾಯವಾಗಿ ತಂದದ್ದು. ಹಾವಳಿ ತಗ್ಗಿದಂತಿಲ್ಲ. ಆದರೂ, ಒಂದು ಸರ್ಕಾರಿ ಪ್ರಸಾರ ಸಂಸ್ಥೆ ಊರೂರಿನ ಮಕ್ಕಳ ಕಿವಿಗೆ ಬಿಟ್ಟಿ ಇಂಗ್ಲಿಷ್ ಹಾಕುವ ವ್ಯವಸ್ಥೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ.

ರೇಡಿಯೊದ ಪಾತ್ರವೂ ಇದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಸೆಪ್ಟೆಂಬರ್ ಸುಮಾರಿಗೆ, ದೇಶದ 17 ಪ್ರಾಂತ್ಯ-ನಗರಗಳ ಶಿಕ್ಷಣ ಕಚೇರಿಗಳು ಕೂಡಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳಿಗೆ ಇಂಗ್ಲಿಷ್ ಕೇಳುವಿಕೆಯ ಪರೀಕ್ಷೆ ನಡೆಸುತ್ತವೆ. ಬೆಳಿಗ್ಗೆ 11ಕ್ಕೆ ಇಬಿಎಸ್ ಎಫ್‌ಎಂ ಪ್ರಸಾರ ಮಾಡುತ್ತದೆ, ಶಾಲೆಗಳು ಅದನ್ನು ತರಗತಿಯ ಸ್ಪೀಕರಿಗೆ ಕೊಡುತ್ತವೆ. 20 ಪ್ರಶ್ನೆ. ಅಂದರೆ ಸುನುಂಗ್ ಕೊಠಡಿಗೆ ಕಾಲಿಡುವ ಹೊತ್ತಿಗೆ ಆ ಮಕ್ಕಳು ಗೋಡೆಯ ಸ್ಪೀಕರಿನ ಇಂಗ್ಲಿಷನ್ನು ಆರು ವರ್ಷದಿಂದ ಬಲ್ಲರು.

ಇಷ್ಟಾದರೂ ಕೊರಿಯನ್ ಕಿವಿಗೆ ಇಂಗ್ಲಿಷ್ ಸುಲಭದ ತುತ್ತಲ್ಲ. ಆ ಭಾಷೆಯಲ್ಲಿ ರ ಮತ್ತು ಲ ಬೇರೆ ಬೇರೆ ಧ್ವನಿಗಳಲ್ಲ, ಇಂಗ್ಲಿಷಿನ ಎಫ್ ಧ್ವನಿ ಇಲ್ಲ, ಝಡ್ ಇಲ್ಲ. ಪದದ ಮೊದಲಲ್ಲೇ ಎರಡು ವ್ಯಂಜನ ಒಟ್ಟಿಗೆ ಬಂದರೆ ನಡುವೆ ಸ್ವರ ಸೇರಿಸದೆ ಉಸುರಲಾಗದು. ಒಂದೇ ಉಸಿರಿನ ಸ್ಟ್ರೈಕ್ ಕೊರಿಯನ್ ಬಾಯಲ್ಲಿ ಐದು ತುಂಡಾಗುತ್ತದೆ. ಬಸ್ಸು, ಕಾರು, ಬೆಂಚು ಎಂದು ಬಾಲ ಹಚ್ಚುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಮಾತು ವೇಗವಾದಾಗ ಇಂಗ್ಲಿಷಿನ ಪುಟ್ಟ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಯಾನ್ ಎಂದರೋ ಕಾಂಟ್ ಎಂದರೋ, ಫಿಫ್ಟೀನೋ ಫಿಫ್ಟಿಯೋ ಎಂಬಲ್ಲೇ ಉತ್ತರ ತಲೆಕೆಳಗಾಗುತ್ತದೆ. ಅಮೆರಿಕನ್ನರ ಬಾಯಲ್ಲಂತೂ ಕಾಂಟ್ ಎಂಬುದರ ಕೊನೆಯ ಟ ಗಂಟಲಲ್ಲೇ ಉಳಿಯುತ್ತದೆ.

ಹಾಗಾಗಿ ಅಭ್ಯಾಸ ಪುಸ್ತಕಗಳ ಹಿಂಭಾಗದಲ್ಲಿ ಉಕ್ತಲೇಖನದ ಹಾಳೆಗಳಿರುತ್ತವೆ. ಸಂಭಾಷಣೆಯನ್ನು ಪೂರ್ತಿ ಅಚ್ಚು ಹಾಕಿ, ಅಲ್ಲಲ್ಲಿ ಪದಗಳನ್ನು ಕಿತ್ತು ಗೆರೆ ಎಳೆದಿರುತ್ತಾರೆ. ಕೇಳಿ ತುಂಬಿಸಬೇಕು. ಕೀಳುವುದು ದೊಡ್ಡ ದೊಡ್ಡ ಪದಗಳನ್ನಲ್ಲ. ಕ್ರಿಯಾಪದದ ಬಾಲಕ್ಕೆ ಅಂಟಿದ ಅಪ್, ಆನ್, ಔಟ್, ವಾಕ್ಯದ ನಡುವೆ ನುಂಗಿಹೋಗುವ ಆಫ್, ಟು, ಇವುಗಳನ್ನೇ ಹೆಚ್ಚಾಗಿ ಕೀಳುತ್ತಾರೆ. ಕಿವಿ ಸೋರುವುದು ಅಲ್ಲೇ ಎಂದು ಪುಸ್ತಕ ಮಾಡಿದವರಿಗೆ ಗೊತ್ತು. ನಾನು ನೋಡಿದ ಅಭ್ಯಾಸಕ್ರಮಗಳಲ್ಲಿ ನಿಜವಾಗಿ ಕಿವಿ ಬೆಳೆಸುವ ಭಾಗ ಇದೊಂದೇ ಅನ್ನಿಸಿತು. ದಿನಕ್ಕೆ ಒಂದು ಸಂಭಾಷಣೆಯನ್ನು ಹೀಗೆ ಅಕ್ಷರ ಬಿಡದೆ ಬರೆದುಕೊಳ್ಳುವವನಿಗೆ ಆರು ತಿಂಗಳಲ್ಲಿ ಯಾವ ಇಂಗ್ಲಿಷ್ ಸಿನಿಮಾವಾದರೂ ಸ್ವಲ್ಪ ಹೆಚ್ಚು ಕೇಳಿಸೀತು. ಆದರೆ ಇದು ನಿಧಾನದ ಕೆಲಸ. ಕೊನೆಯ ವರ್ಷಕ್ಕೆ ಬಂದವರು ಮೊದಲು ಕೈಬಿಡುವುದೂ ಇದನ್ನೇ.

ಕೈಬಿಟ್ಟು ವೇಗದ ಕಡೆ ಹೋಗುತ್ತಾರೆ. ಧ್ವನಿಯನ್ನು 1.2 ಪಟ್ಟು, 1.5 ಪಟ್ಟು ವೇಗದಲ್ಲಿ ಓಡಿಸಿ ಕೇಳುವುದು ಅಲ್ಲಿ ಮಾಮೂಲು. ವೇಗವಾದದ್ದನ್ನು ಹಿಡಿದ ಕಿವಿಗೆ ಪರೀಕ್ಷೆಯ ದಿನದ ಮಾತು ಆರಾಮಾಗಿ ನಡೆದುಬಂದಂತೆ ಇರುತ್ತದೆ ಎನ್ನುವ ವಾದ. ನಿಜವೂ ಇರಬಹುದು. ಆ ಆರಾಮವೇ ಮುಂದೆ 18ನೇ ಪ್ರಶ್ನೆಗೆ ಬಂಡವಾಳ.

ಇನ್ನು ಜಾಗ ಮತ್ತು ಹೊತ್ತಿನ ಅಭ್ಯಾಸ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳಿದ್ದು ಪರೀಕ್ಷೆಗೆ ಸಾಲದು. ಅಲ್ಲಿ ಬರುವುದು ತರಗತಿಯ ಮೂಲೆಯ ಸ್ಪೀಕರಿನಿಂದ, ಗೋಡೆಗೆ ಬಡಿದು, ಸ್ವಲ್ಪ ಗುಂಯ್‌ಗುಡುತ್ತ. ಆದ್ದರಿಂದ ಕೊನೆಯ ತಿಂಗಳುಗಳಲ್ಲಿ ಇಯರ್‌ಫೋನು ತೆಗೆದಿಟ್ಟು ಸ್ಪೀಕರಿನಲ್ಲಿ ಕೇಳಿ, ಅದೂ ಮಧ್ಯಾಹ್ನ 1:10ಕ್ಕೇ ಕೇಳಿ ಎಂದು ಹೇಳಿಕೊಡುತ್ತಾರೆ. ಊಟವಾದ ಹತ್ತು ನಿಮಿಷಕ್ಕೆ ಕಣ್ಣು ಎಳೆಯುವ ಹೊತ್ತು ಅದು; ದೇಹಕ್ಕೆ ಆ ಹೊತ್ತಿನಲ್ಲಿ ಎಚ್ಚರವಿರುವ ರೂಢಿಯಾಗಬೇಕು. ಇನ್ನೂ ಮುಂದುವರಿದವರಿಗೆ ಪರೀಕ್ಷಾ ಕೊಠಡಿಯ ಸದ್ದುಗಳದೇ ಧ್ವನಿಮುದ್ರಿಕೆ ಇದೆ. ಕೆಮ್ಮು, ಪೆನ್ಸಿಲ್ಲಿನ ಕರಕರ, ಕುರ್ಚಿ ಸರಿಸಿದ್ದು, ಮೇಲ್ವಿಚಾರಕರ ಹೆಜ್ಜೆ, ಹಾಳೆ ತಿರುವಿದ್ದು. ಯೂಟ್ಯೂಬಿನಲ್ಲಿ ಅದನ್ನು ಹಾಕಿಕೊಂಡು ಓದುತ್ತಾರೆ. ದೇಶ ನಿಶ್ಶಬ್ದದ ಏರ್ಪಾಟು ಮಾಡುತ್ತಿದ್ದರೆ ಮಕ್ಕಳು ಗದ್ದಲದ ತಾಲೀಮು ನಡೆಸುತ್ತಾರೆ!

ಒಳಗಿನ ಗದ್ದಲದ್ದೇ ಬೇರೆ ಕಥೆ. ಪರೀಕ್ಷೆ ಹತ್ತಿರವಾದಾಗ ಕೇಳಬಾರದ ಹಾಡುಗಳು ಎಂದು ಹುಡುಗ ಹುಡುಗಿಯರೇ ಪಟ್ಟಿ ಮಾಡಿಕೊಳ್ಳುತ್ತಾರೆ. ತಲೆಯೊಳಗೆ ಹೊಕ್ಕರೆ ಹೊರಗೆ ಬಾರದ ಹಾಡುಗಳು. ಶೈನೀ ಎಂಬ ಕೊರಿಯನ್ ಪಾಪ್ ತಂಡದ 2009ರ ರಿಂಗ್ ಡಿಂಗ್ ಡಾಂಗ್ ಈ ಪಟ್ಟಿಯ ಹಳೇ ಹುಲಿ. ವರ್ಷಗಳು ಕಳೆದರೂ ಕದಲಿಲ್ಲ. ಒಂಬತ್ತನೇ ಪ್ರಶ್ನೆಯಲ್ಲಿ ಯಾವುದೋ ಶಾಲೆಯ ವಿಜ್ಞಾನ ಮೇಳದ ಪ್ರಕಟಣೆ ಓದುತ್ತಿರುವಾಗ ತಲೆಯೊಳಗೆ ಆ ಪಲ್ಲವಿ ಸುತ್ತತೊಡಗಿದರೆ ಏನು ಗತಿ?

ಮೇಲ್ವಿಚಾರಕರಿಗೂ ಕಟ್ಟುನಿಟ್ಟು. ಟಕಟಕ ಎನ್ನುವ ಚಪ್ಪಲಿ ಹಾಕಬಾರದು, ಘಮಘಮ ಸೆಂಟು ಬಳಿದುಕೊಂಡು ಬರಬಾರದು. ಕೇಳುವ ಭಾಗದ ಹೊತ್ತಿನಲ್ಲಿ ಕೊಠಡಿಯಲ್ಲಿ ಓಡಾಡದೆ ನಿಂತಲ್ಲೇ ನಿಲ್ಲಬೇಕು. ಗುಂಯ್ ಎನ್ನುವ ಹೀಟರನ್ನು ಕೆಲವೆಡೆ ಆ ಹೊತ್ತಿಗೆ ಆರಿಸುತ್ತಾರೆ, ನವೆಂಬರಿನ ಚಳಿಯಲ್ಲಿ. ಪರೀಕ್ಷೆಗೆ ಮೊದಲೇ ಸ್ಪೀಕರುಗಳ ತಪಾಸಣೆ ನಡೆದಿರುತ್ತದೆ. ಅಷ್ಟಾಗಿಯೂ ಪ್ರಸಾರ ಕೈಕೊಟ್ಟರೆ, ಮಕ್ಕಳು ಮೊದಲು ಓದುವ ಭಾಗ ಮಾಡಿ, ಸರಿಯಾದ ಮೇಲೆ ಕೇಳುವ ಭಾಗಕ್ಕೆ ಬರಬೇಕು ಎಂಬ ನಿಯಮವಿದೆ. ಹಾಗಾದ ಕೊಠಡಿಗಳ ಮಕ್ಕಳು ಅಂಕಪಟ್ಟಿ ಬಂದ ಮೇಲೂ ಆ ಮಧ್ಯಾಹ್ನವನ್ನು ಮರೆಯುವುದಿಲ್ಲ. ಕ್ರಮ ತಪ್ಪಿತು ಎಂದರೆ ಕದಿಯುವ ಸಮಯದ ಲೆಕ್ಕವೆಲ್ಲ ತಪ್ಪಿತು. ಕಿವಿ ಕೇಳಿಸದ ಮಕ್ಕಳಿಗೆ ಈ ಭಾಗವನ್ನು ಬರಹದಲ್ಲಿ ಕೊಡುತ್ತಾರೆ. ಬ್ರೈಲ್ ಪತ್ರಿಕೆ ಬಳಸುವವರಿಗೆ ಮಾಮೂಲು ಸಮಯದ 1.7 ಪಟ್ಟು ಸಿಗುತ್ತದೆ. ಎಲ್ಲ ವಿಷಯ ತೆಗೆದುಕೊಂಡರೆ ಅವರ ಪರೀಕ್ಷೆ ಮುಗಿಯುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ.

ಸುನುಂಗ್ ಶುರುವಾದದ್ದು 1993ರಲ್ಲಿ. ಮೊದಲ ವರ್ಷ ಆಗಸ್ಟಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಎರಡು ಸಲ ನಡೆಸಿದರು, ಆಮೇಲೆ ವರ್ಷಕ್ಕೊಂದೇ. ಕೇಳುವ ಪ್ರಶ್ನೆಗಳು ಮೊದಲಿನಿಂದಲೂ ಇದ್ದವು, ಆದರೆ ಕಡಿಮೆ. ವ್ಯಾಕರಣ ಉರುಹೊಡೆದು ಇಂಗ್ಲಿಷ್ ಪಾಸಾಗುತ್ತಿದ್ದ ಪೀಳಿಗೆಗೆ ಅದು ಹೊಸತು. ಬಾಯಿಬಿಡಲಾಗದ ಇಂಗ್ಲಿಷ್ ಕಲಿಸಿ ಏನು ಪ್ರಯೋಜನ ಎಂಬ ಕೂಗು ಅಲ್ಲಿ ಆಗ ಜೋರಾಗಿತ್ತು. 1997ರಲ್ಲಿ ಮೂರನೇ ತರಗತಿಯಿಂದಲೇ ಇಂಗ್ಲಿಷ್ ತಂದರು. ಮುಂದೆ ಸರ್ಕಾರಕ್ಕೆ ಇನ್ನೂ ಹುರುಪು ಬಂತು. ಮಾತಾಡುವುದು, ಬರೆಯುವುದೂ ಸೇರಿದ ಬೇರೆಯದೇ ರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆಯೊಂದನ್ನು ಕಟ್ಟಿ ಸುನುಂಗ್ ಇಂಗ್ಲಿಷಿನ ಜಾಗಕ್ಕೆ ತರುವ ಯೋಜನೆ ಹಾಕಿತು. ಅದಕ್ಕೆ ಪೂರ್ವತಯಾರಿಯೋ ಎಂಬಂತೆ 2013ರ ನವೆಂಬರಿನ ಪತ್ರಿಕೆಯಲ್ಲಿ 45ರಲ್ಲಿ 22 ಪ್ರಶ್ನೆ ಕೇಳುವಿಕೆಗೆ ಹೋದವು. ಒಂದೇ ವರ್ಷ. ಮರುವರ್ಷ 17ಕ್ಕೆ ವಾಪಸು. ಆ ಹೊಸ ಪರೀಕ್ಷೆಯೂ ಮೂಲೆ ಸೇರಿತು. ಲಕ್ಷಗಟ್ಟಲೆ ಮಕ್ಕಳ ಮಾತಿಗೆ ಅಂಕ ಹಾಕುವುದು ಹೇಗೆ, ಅದಕ್ಕೂ ಹುಟ್ಟಿಕೊಳ್ಳುವ ಟ್ಯೂಷನ್ನನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ದೊಡ್ಡದಾಗಿತ್ತು.

ಅದೇ 2013ರಲ್ಲಿ ಇನ್ನೊಂದು ನಡೆಯಿತು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅಲ್ಲಿಯವರೆಗೆ ಬೆಳಗಿನ ಕೊರಿಯನ್ ಭಾಷಾ ಪತ್ರಿಕೆಯಲ್ಲೂ ಕೇಳಿ ಉತ್ತರಿಸುವ ಪ್ರಶ್ನೆಗಳಿದ್ದವು. ಅದಕ್ಕಾಗಿ ಬೆಳಿಗ್ಗೆಯೂ ವಿಮಾನ ನಿಲ್ಲುತ್ತಿತ್ತು. ಆ ಪ್ರಶ್ನೆಗಳನ್ನು ತೆಗೆದುಹಾಕಿದರು. ಅಂದಿನಿಂದ ದೇಶದ ಆಕಾಶ ಖಾಲಿಯಾಗುವುದು ಇಂಗ್ಲಿಷಿಗೆ ಮಾತ್ರ. ತಾಯ್ನುಡಿಯನ್ನು ಗಮನವಿಟ್ಟು ಕೇಳುವುದಕ್ಕೆ ಅಭ್ಯಾಸ ಬೇಡ ಎಂದುಕೊಂಡರೇನೋ. ಟಿವಿ ಚರ್ಚೆ ನೋಡುವ ನಮಗಂತೂ ಬೇಕೇಬೇಕು ಅನ್ನಿಸುತ್ತದೆ.

ಸಮುದ್ರದ ಆಚೆ ಜಪಾನಿನಲ್ಲಿ ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಗೆಹರಿಸಿದರು. 2006ರಲ್ಲಿ ಅಲ್ಲಿನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಕೇಳುವಿಕೆ ಬಂದಾಗ, ಒಬ್ಬೊಬ್ಬರಿಗೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಲೇಯರು, ಇಯರ್‌ಫೋನು ಕೊಟ್ಟರು. ಗುಂಡಿ ಒತ್ತಿದರೆ ಧ್ವನಿ ನೇರ ಕಿವಿಗೆ. ವಿಮಾನ ತನ್ನ ಪಾಡಿಗೆ ಹಾರಬಹುದು. ಮೊದಲ ವರ್ಷ ನೂರಾರು ಪ್ಲೇಯರುಗಳು ಕೆಟ್ಟವೆಂಬ ದೂರು ಬಂದು ಅಂಥವರಿಗೆ ಮರುಪರೀಕ್ಷೆ ಮಾಡಬೇಕಾಯಿತು. ಆದರೂ ಪದ್ಧತಿ ಉಳಿಯಿತು. 2021ರಿಂದ ಹೊಸ ರೂಪದ ಪರೀಕ್ಷೆಯಲ್ಲಿ ಓದುವುದಕ್ಕೆ 100, ಕೇಳುವುದಕ್ಕೆ 100 ಅಂಕ. ಚೀನಾದ ಪ್ರವೇಶ ಪರೀಕ್ಷೆ ಗಾವ್ಕಾವ್‌ನಲ್ಲಿ ಹಲವೆಡೆ 150ರಲ್ಲಿ 30 ಅಂಕ ಕಿವಿಗೆ. ಕೊರಿಯಾಕ್ಕೆ ಇಯರ್‌ಫೋನು ಹಂಚುವುದು ಗೊತ್ತಿಲ್ಲವೇ? ಸ್ಯಾಮ್‌ಸಂಗ್ ಹುಟ್ಟಿದ ನಾಡು ಅದು. ಯಂತ್ರ ಕೆಟ್ಟರೆ ಒಬ್ಬನ ಭವಿಷ್ಯ ಕೆಡುತ್ತದೆ, ಸ್ಪೀಕರಾದರೆ ಎಲ್ಲರಿಗೂ ಒಂದೇ ಎಂಬ ವಾದವೂ ಇದ್ದೀತು. ನನ್ನ ಗುಮಾನಿ ಬೇರೆ. ಇಡೀ ದೇಶ ಉಸಿರು ಹಿಡಿಯುವ ಆ ಮೂವತ್ತೈದು ನಿಮಿಷ ದೊಡ್ಡವರಿಗೂ ಬೇಕಾಗಿದೆ. ನಿಮಗಾಗಿ ನಾವು ಮಾಡಬಹುದಾದದ್ದೆಲ್ಲ ಮಾಡಿದೆವು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ದಾರಿ ಯಾವುದು?

ಪ್ರಶ್ನೆ ತೆಗೆಯುವ ಕೊರಿಯಾ ಪಠ್ಯಕ್ರಮ ಮತ್ತು ಮೌಲ್ಯಮಾಪನ ಸಂಸ್ಥೆ ಹಳೆಯ ಪತ್ರಿಕೆಗಳನ್ನೂ ಧ್ವನಿಕಡತಗಳನ್ನೂ ಜಾಲತಾಣದಲ್ಲಿ ಇಟ್ಟಿದೆ. ಬೆಂಗಳೂರಿನಲ್ಲಿ ಕೂತು ಕೇಳಬಹುದು. ಕೇಳಿದರೆ ಮೊದಲು ಎದ್ದು ಕಾಣುವುದು ಆ ಲೋಕದ ಸೌಜನ್ಯ. ಗಂಡಸೊಬ್ಬ, ಹೆಂಗಸೊಬ್ಬಳು, ಸ್ವಚ್ಛ ಅಮೆರಿಕನ್ ಉಚ್ಚಾರ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲ. ಯಾರೂ ತೊದಲುವುದಿಲ್ಲ, ಮಾತು ಅರ್ಧಕ್ಕೆ ಬಿಡುವುದಿಲ್ಲ, ಸಿಡುಕುವುದಿಲ್ಲ. ನಾಲ್ಕನೇ ಪ್ರಶ್ನೆಯಲ್ಲಿ ಒಂದು ಚಿತ್ರ ಇರುತ್ತದೆ: ಹೊಸದಾಗಿ ಸಿಂಗರಿಸಿದ ಕೋಣೆಯೋ, ಉದ್ಯಾನವೋ. ಗೋಡೆಯ ಮೇಲೆ ನಕ್ಷತ್ರದಾಕಾರದ ಗಡಿಯಾರ, ನೆಲಕ್ಕೆ ದುಂಡನೆಯ ಜಮಖಾನ, ಮೇಜಿಗೆ ಪಟ್ಟೆ ಪಟ್ಟೆ ಬಟ್ಟೆ, ಕಿಟಕಿಯ ಕೆಳಗೆ ಎರಡು ಹೂಕುಂಡ. ಮಾತಿಗೂ ಚಿತ್ರಕ್ಕೂ ಹೊಂದದ್ದು ಯಾವುದು ಎಂಬ ಪ್ರಶ್ನೆ. ಅವರು ಜಮಖಾನ ಚೌಕ ಎಂದಿರುತ್ತಾರೆ, ಚಿತ್ರದಲ್ಲಿ ದುಂಡಗಿರುತ್ತದೆ. ದಸರಾ ಬೊಂಬೆಗಳ ಹಾಗೆ ಎಲ್ಲವೂ ಅವರವರ ಮೆಟ್ಟಿಲ ಮೇಲೆ ಅಚ್ಚುಕಟ್ಟಾಗಿ ಕೂತಿರುವ ಜಗತ್ತು. ಅಲ್ಲಿ ಬೆಳೆದ ಕಿವಿ ಸ್ಕಾಟ್ಲೆಂಡಿನವನ ಇಂಗ್ಲಿಷನ್ನೋ, ಬೆಂಗಳೂರಿನ ಎಂಜಿನಿಯರ್ ಫೋನಿನಲ್ಲಿ ಮಾತಾಡುವ ಇಂಗ್ಲಿಷನ್ನೋ ಮೊದಲ ಸಲ ಕೇಳಿದಾಗ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ. ವಿದೇಶಕ್ಕೆ ಓದಲು ಹೊರಟ ನಮ್ಮ ಹುಡುಗರು ಬರೆಯುವ ಐಇಎಲ್‌ಟಿಎಸ್‌ನಲ್ಲೂ ಒಂದೇ ಸಲ ಕೇಳಿಸುತ್ತಾರೆ, 40 ಪ್ರಶ್ನೆ, ಅರ್ಧ ಗಂಟೆ. ಆದರೆ ಅಲ್ಲಿ ಬ್ರಿಟಿಷರೂ ಆಸ್ಟ್ರೇಲಿಯದವರೂ ಬಂದುಹೋಗುತ್ತಾರೆ, ಹೇಳಿದ್ದನ್ನು ತಿದ್ದಿಕೊಳ್ಳುತ್ತಾರೆ, ಹೆಸರಿನ ಸ್ಪೆಲ್ಲಿಂಗ್ ಹೇಳುತ್ತಾರೆ.

ನಮ್ಮ ಸಿಇಟಿಯಲ್ಲಂತೂ ಕಿವಿಗೆ ಅಂಕವೇ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ತಲಾ 60. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ, ಒಳ್ಳೇ ರ‍್ಯಾಂಕ್ ತೆಗೆದು ಎಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗಿಗೆ ಮೊದಲ ಸೆಮಿಸ್ಟರಿನಲ್ಲಿ ಗಣಿತ ಕಷ್ಟವಾಗುವುದಿಲ್ಲ. ಐವತ್ತು ನಿಮಿಷ ನಿಲ್ಲಿಸದೆ ಸುರಿಯುವ ಇಂಗ್ಲಿಷ್ ಪಾಠವನ್ನು ಕೇಳಿಸಿಕೊಳ್ಳುವುದು ಕಷ್ಟ. ಪಕ್ಕದವಳ ನೋಟ್ಸು ನೋಡಿ ಬರೆದುಕೊಳ್ಳುತ್ತಾಳೆ. ಅವಳಿಗೆ ಹೈಸ್ಕೂಲಿನಲ್ಲಿ ಯಾರಾದರೂ ವರ್ಷಕ್ಕೆ ಎರಡು ಸಲ ರೇಡಿಯೊದಲ್ಲಿ ಇಪ್ಪತ್ತು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು. ವಿಮಾನ ನಿಲ್ಲಿಸುವುದೇನೂ ಬೇಡ.

ಕೊರಿಯಾದಲ್ಲಿ ಆ ಹುಡುಗಿಯಂಥವಳು ಕಿವಿಗೆ ಸೋಲುವುದಿಲ್ಲ, ಓದುವ ಭಾಗದಲ್ಲಿ ಸೋಲುತ್ತಾಳೆ. 2017ರಿಂದ ಇಂಗ್ಲಿಷಿಗೆ ಇತರರೊಡನೆ ಹೋಲಿಸದ ಗ್ರೇಡ್ ಪದ್ಧತಿ ತಂದರು: 90 ಅಥವಾ ಹೆಚ್ಚು ಅಂಕ ತೆಗೆದವರೆಲ್ಲ ಮೊದಲ ಗ್ರೇಡ್. ಪೈಪೋಟಿ ತಣಿಯಲಿ ಎಂಬ ಉದ್ದೇಶ. ಆ ವರ್ಷ 10.03 ಪರ್ಸೆಂಟ್ ಮಕ್ಕಳಿಗೆ ಮೊದಲ ಗ್ರೇಡ್ ಬಂತು, 2020ರಲ್ಲಿ 12.66. ಆಮೇಲೆ ಪತ್ರಿಕೆ ಬಿಗಿಯಾಯಿತು, ಸಡಿಲವಾಯಿತು, ಮತ್ತೆ ಬಿಗಿಯಾಯಿತು. 2025ರ ನವೆಂಬರಿನದು ಎಷ್ಟು ಬಿಗಿಯಾಯಿತೆಂದರೆ ಮೊದಲ ಗ್ರೇಡ್ ಸಿಕ್ಕಿದ್ದು 3.11 ಪರ್ಸೆಂಟಿಗೆ ಮಾತ್ರ. ಗಲಾಟೆಯಾಗಿ, ಡಿಸೆಂಬರಿನಲ್ಲಿ ಪ್ರಶ್ನೆ ತೆಗೆಯುವ ಆ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಜನ ಬೈದದ್ದು ಓದುವ ಭಾಗದ ಪ್ರಶ್ನೆಗಳನ್ನು. ಲಾಟೀನು ಕುರ್ಚಿಯ ಬಗೆಯ ಪ್ರಶ್ನೆಗಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ; ಅವು ಎಂದಿನಂತೆ ಸಲೀಸಾಗಿದ್ದವು. ಓದುವ ಭಾಗ ಬಿಗಿಯಾದಷ್ಟೂ ಕೇಳುವ ಹೊತ್ತಿನಲ್ಲಿ ಕದಿಯುವ ನಿಮಿಷಗಳ ಬೆಲೆ ಏರುತ್ತದೆ. ಮುಂದಿನ ತಂಡ ಇನ್ನೂ ಚುರುಕಾಗಿ ಕದಿಯಲು ಕಲಿತು ಬರುತ್ತದೆ.

ಆ ತಂಡದಲ್ಲಿ ಹಳಬರೂ ಇರುತ್ತಾರೆ. ಈಚಿನ ವರ್ಷಗಳಲ್ಲಿ ಸುನುಂಗ್ ಬರೆಯುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಶಾಲೆ ಮುಗಿಸಿ ಮತ್ತೆ ಬಂದವರು. ವರ್ಷದ ಆರಂಭದಲ್ಲಿ ಇಬಿಎಸ್‌ನ ಹೊಸ ಕೇಳುವಿಕೆ ಪುಸ್ತಕ ಅಂಗಡಿಗೆ ಬರುತ್ತದೆ. ಎರಡನೇ ಸಲ ಬರೆಯುವವರು ಅದನ್ನು ಕೊಂಡು, ಉಕ್ತಲೇಖನದ ಹಾಳೆಗಳನ್ನು ದಾಟಿ, ವೇಗವನ್ನು 1.5ಕ್ಕೆ ಇಟ್ಟು ಶುರು ಮಾಡುತ್ತಾರೆ.